ಉದ್ದ ಬೆನ್ನಿನ ಮರಿ ತರುವ ಮೊದಲು

ನಮ್ಮ ನಾಯಿ ಶೇಂಗಾ ಐದು ವರ್ಷದವಳಿದ್ದಾಗ ಒಂದು ರಾತ್ರಿ ದಿವಾನದ ಮೇಲಿಂದ ಜಿಗಿದಳು. ದಿನಾ ಜಿಗಿಯುತ್ತಿದ್ದಳು, ಹಾಗಾಗಿ ಯಾರೂ ಗಮನ ಕೊಡಲಿಲ್ಲ. ಬೆಳಿಗ್ಗೆ ನೋಡಿದರೆ ಹಿಂದಿನ ಎರಡೂ ಕಾಲು ಎಳೆದುಕೊಂಡು ಪಡಸಾಲೆಯ ಫರಸಿ ಮೇಲೆ ನನ್ನ ಕಡೆ ಬರುತ್ತಿದ್ದಳು. ಉಗುರು ಕಲ್ಲಿಗೆ ಉಜ್ಜುವ ಆ ಸದ್ದು ಇನ್ನೂ ಕಿವಿಯಲ್ಲಿದೆ. ಡಾಕ್ಟರ್ ಔಷಧ ಕೊಟ್ಟರು, ಆರು ವಾರ ಸಣ್ಣ ಪಂಜರದಲ್ಲೇ ಮಲಗಿಸಿದೆವು. ಮತ್ತೆ ನಡೆದಳು. ಈಗಲೂ ತಿರುಗುವಾಗ ಸೊಂಟ ಸ್ವಲ್ಪ ವಾಲುತ್ತದೆ.

ಅದಕ್ಕೇ ಧಾರವಾಡದಲ್ಲಿ ಯಾರಾದರೂ ಶೇಂಗಾಳಂಥ ಗಿಡ್ಡ ಕಾಲಿನ, ಉದ್ದ ಬೆನ್ನಿನ ಪುಟ್ಟ ನಾಯಿ ಮಿನಿಯೇಚರ್ ಡ್ಯಾಶ್‌ಹೌಂಡ್ ತರುತ್ತೇವೆ ಅಂದರೆ ನಾನು ಮೊದಲು ಬೆನ್ನಿನ ಮಾತೇ ತೆಗೆಯುತ್ತೇನೆ. ಇದು ಜರ್ಮನಿಯ ತಳಿ, ಬಿಲದೊಳಗೆ ನುಗ್ಗಿ ಬೇಟೆಯಾಡಲು ಬೆಳೆಸಿದ್ದು. ಕಾಲನ್ನು ಗಿಡ್ಡ ಮಾಡುವ ಜೀನ್‌ನಿಂದಲೇ ಬೆನ್ನುಮೂಳೆಯ ನಡುವಿನ ಮೆತ್ತೆಗಳೂ (ಡಿಸ್ಕ್) ಬೇಗ ಒಣಗಿ ಗಟ್ಟಿಯಾಗುತ್ತವೆ. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಯಾವಾಗಲಾದರೂ ಡಿಸ್ಕ್ ತೊಂದರೆ ಬರುತ್ತದೆ.

ಮರಿ ನೋಡಲು ಹೋದಾಗ ಮರಿಗಿಂತ ಮೊದಲು ತಾಯಿಯನ್ನು ನೋಡಿ. ಅದು ನಡೆಯುವುದನ್ನು ನೋಡಿ, ಅದರ ಬೆನ್ನಿಗೆ ಯಾವತ್ತಾದರೂ ತೊಂದರೆ ಆಗಿತ್ತಾ ಅಂತ ಕೇಳಿ. ದೊಡ್ಡದಾದ ಮೇಲೆ ಮಿನಿಯೇಚರ್ ಸುಮಾರು 5 ಕೆಜಿ ಒಳಗೇ ಇರಬೇಕು. ತಾಯಿಯೇ ಎಂಟು ಕೆಜಿ ಇದ್ದರೆ ಮರಿ ಹೇಗೆ ಮಿನಿಯೇಚರ್ ಆದೀತು? ಶೇಂಗಾಳನ್ನು ನಮಗೆ ಮಾರಿದವರು ತಾಯಿಯನ್ನು ತೋರಿಸಲೇ ಇಲ್ಲ. ಐದು ವಾರದ ಮರಿಯನ್ನು ಕೈಗಿಟ್ಟು ಕಳಿಸಿದರು. ಎಂಟು ವಾರ ತುಂಬದ ಮರಿ ಮಾರಬಾರದು ಅಂತ 2017ರ ನಾಯಿ ಸಾಕಣೆ ಮತ್ತು ಮಾರಾಟದ ನಿಯಮವೇ ಹೇಳುತ್ತದೆ, ನನಗೆ ಆಗ ಗೊತ್ತಿರಲಿಲ್ಲ. ಕಚ್ಚುವುದಕ್ಕೆ ಮಿತಿ ಕಲಿಯುವುದೆಲ್ಲ ತಾಯಿ, ಒಡಹುಟ್ಟಿದವರ ಜೊತೆಗೇ. ಆ ಮೂರು ವಾರ ಬಹಳ ದೊಡ್ಡದು. ಇನ್ನೊಂದು ಮಾತು: ಬಣ್ಣದ ಆಸೆಗೆ ಬೀಳಬೇಡಿ. ಅಪ್ಪ-ಅಮ್ಮ ಇಬ್ಬರೂ ಮಚ್ಚೆ ಮಚ್ಚೆಯ ಡ್ಯಾಪಲ್ ಆಗಿದ್ದರೆ ಕೆಲವು ಮರಿಗಳು ಕುರುಡಾಗಿ, ಕಿವುಡಾಗಿ ಹುಟ್ಟಬಹುದು.

ಮರಿ ಬರುವ ಮೊದಲೇ ಮನೆ ಸಿದ್ಧ ಮಾಡಿ. ನಮ್ಮ ಕಡೆಯ ಹಳೇ ಮನೆಗಳಲ್ಲಿ ನುಣುಪು ಫರಸಿ, ಎತ್ತರದ ಪಾವಟಿಗೆ. ಎರಡೂ ಇವುಗಳ ಬೆನ್ನಿಗೆ ವೈರಿ. ಮರಿ ಓಡಾಡುವ ಕಡೆ ಹಳೇ ಜಮಖಾನ ಹಾಸಿ. ದಿವಾನಕ್ಕೆ ಒಂದು ಇಳಿಜಾರು ಹಲಗೆ ಮಾಡಿಸಿ, ಮೇಲೆ ಕಾಲೊರೆಸುವ ಮ್ಯಾಟ್ ಅಂಟಿಸಿದರೆ ಜಾರುವುದಿಲ್ಲ. ಹಲಗೆಯ ತುದಿಯಲ್ಲಿ ಒಂದು ಚೂರು ಬೇಯಿಸಿದ ಚಿಕನ್ ಇಡಿ, ಎರಡು ದಿನದಲ್ಲಿ ಕಲಿಯುತ್ತದೆ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ. ಬೆನ್ನು ನೆಲಕ್ಕೆ ಸಮವಾಗಿರಬೇಕು. ಮಕ್ಕಳು ಮುಂಗಾಲ ಕಂಕುಳಲ್ಲಿ ಹಿಡಿದು ಜೋತಾಡಿಸುತ್ತಾರಲ್ಲ, ಅದನ್ನು ಮೊದಲ ದಿನವೇ ನಿಲ್ಲಿಸಿ. ಕೊರಳಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು.

ಊಟ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು ಸಾಕು. ಬರೀ ರೊಟ್ಟಿ-ಹಾಲಿನ ಮೇಲೆ ಮರಿ ಬೆಳೆಯುವುದಿಲ್ಲ, ಪಪ್ಪಿ ಫುಡ್ ಕೊಡಿ. ಉಳ್ಳಾಗಡ್ಡಿ ಹಾಕಿದ ಪಲ್ಯ, ಒಣದ್ರಾಕ್ಷಿ ಹಾಕಿದ ಶಿರಾ, ಚಾಕೊಲೇಟ್ ಇವಕ್ಕೆ ವಿಷ. ತೂಕದಲ್ಲಿ ಕರುಣೆ ಬೇಡ. ಬಂದ ನೆಂಟರೆಲ್ಲ ಒಂದೊಂದು ತುಣುಕು ಫೇಡೆ ಕೊಟ್ಟರೆ ಆ ಭಾರ ಹೊರುವುದು ಬೆನ್ನೇ ಅಲ್ವಾ? ಪಕ್ಕೆ ಮೇಲೆ ಬೆರಳಾಡಿಸಿದರೆ ಎಲುಬು ಕೈಗೆ ಸಿಗಬೇಕು.

ಲಸಿಕೆ ಆರರಿಂದ ಎಂಟು ವಾರಕ್ಕೆ ಶುರು, ಮೂರು-ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಯಲ್ಲಿ ಇಳಿಸಬೇಡಿ, ಪಾರ್ವೊ ಅನ್ನುವ ವಾಂತಿ-ಭೇದಿಯ ಅಂಟುರೋಗ ಬಂದರೆ ಮರಿ ಉಳಿಯುವುದು ಕಷ್ಟ. ರಕ್ತ ಹೀರುವ ಉಣ್ಣಿಯನ್ನು ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ಹುಡುಕಿ.

ನಾಯಿ ಇದ್ದಕ್ಕಿದ್ದಂತೆ ದಿವಾನ ಹತ್ತಲು ಒಲ್ಲೆ ಅಂದರೆ, ಎತ್ತಿದಾಗ ಕುಂಯ್ ಅಂದರೆ, ಹಿಂಗಾಲು ತಡವರಿಸಿದರೆ ನಾಳೆ ನೋಡೋಣ ಅನ್ನಬೇಡಿ. ಎಣ್ಣೆ ತಿಕ್ಕಬೇಡಿ. ನಮ್ಮ ನೋವಿನ ಮಾತ್ರೆ ಅಂತೂ ಕೊಡಲೇಬೇಡಿ. ಗಟ್ಟಿ ತಳದ ಡಬ್ಬಿಯಲ್ಲಿ ಅಲುಗಾಡದಂತೆ ಮಲಗಿಸಿ ಆಗಲೇ ಡಾಕ್ಟರ್ ಹತ್ತಿರ ಹೋಗಿ. ಬೆನ್ನಿನ ಎಕ್ಸ್-ರೇ, ಆಪರೇಷನ್ ಎಲ್ಲಿ ಮಾಡುತ್ತಾರೆ ಅಂತ ಮರಿ ತಂದ ವಾರದಲ್ಲೇ ವಿಚಾರಿಸಿ ಇಟ್ಟುಕೊಳ್ಳಿ. ಪಶುವೈದ್ಯಕೀಯ ಕಾಲೇಜು ಗದಗದಲ್ಲಿದೆ, ಅಲ್ಲೂ ಕೇಳಿ.

ಇನ್ನು ಮಳೆ. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಹಿಡಿಯಿತು ಅಂದರೆ ಇವು ಹೊರಗೆ ಕಾಲಿಡುವುದಿಲ್ಲ. ಒದ್ದೆ ಹುಲ್ಲು ನೇರ ಹೊಟ್ಟೆಗೇ ತಾಗುತ್ತದೆ. ಮನೆಯೊಳಗೆ ಉಚ್ಚೆ ಮಾಡಿತು ಅಂತ ಬೈದರೆ ಮೂಲೆಯಲ್ಲಿ ಕದ್ದು ಮಾಡಲು ಕಲಿಯುತ್ತವೆ. ಎದ್ದ ಕೂಡಲೇ, ಉಂಡ ಕೂಡಲೇ, ಆಡಿದ ಕೂಡಲೇ ಅದೇ ಜಾಗಕ್ಕೆ ಒಯ್ಯಿರಿ. ನಾನು ಹಿತ್ತಲ ಮಾವಿನ ಗಿಡದ ಕೆಳಗೆ ಒಂದು ಗೋಣಿಚೀಲ ಹಾಸಿ, ಛತ್ರಿ ಹಿಡಿದು ನಿಲ್ಲುತ್ತೇನೆ. ಶೇಂಗಾ ನಾಲ್ಕು ಸುತ್ತು ಹಾಕುತ್ತಾಳೆ, ನನ್ನ ಮುಖ ನೋಡುತ್ತಾಳೆ, ಆಮೇಲೆ ಕೂರುತ್ತಾಳೆ.