ವೈರಸ್ ಜ್ವರದ ನಂತರ ಹೋದ ವಾಸನೆಗೆ ನನ್ನ ನಾಲ್ಕು ಸೀಸೆ

"ಲವಂಗ ಮೂಸಿದ್ರೆ ವಾಸನೆ ಬರ್ತದೇನ್ರೀ?" ಎಂದು ದಾವಣಗೆರೆಯ ಹಿರಿಯ ಇಎನ್‌ಟಿ ವೈದ್ಯರೊಬ್ಬರು ನಕ್ಕಿದ್ದರು. ಈಗ ಅವರೇ ಚೀಟಿ ಬರೆದು ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ವಾಸನೆ ಹೋದವರಿಗೆ ದಿನಾ ನಾಲ್ಕು ಸೀಸೆ ಮೂಸಿಸಿ ಮೂಗನ್ನು ಮತ್ತೆ ಪಳಗಿಸುವ ಕ್ರಮವನ್ನು ಜರ್ಮನಿಯ ವೈದ್ಯ ಥಾಮಸ್ ಹುಮೆಲ್ ತಂಡ 2009ರಲ್ಲೇ ಪ್ರಕಟಿಸಿತ್ತು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ, ದಿನಕ್ಕೆರಡು ಸಲ, 12 ವಾರ. ಆದರೂ ನಮ್ಮಲ್ಲಿ ಅದು ಹಿಡಿಯಲಿಲ್ಲ. ಸೀಸೆಯೊಳಗೆ ನಿಜಕ್ಕೂ ಏನಿದೆ ಎಂದು ಯಾರೂ ನೋಡಲಿಲ್ಲ ನೋಡಿ.

ಮೊದಮೊದಲು ನಾನೂ ಕೆಟ್ಟೆ. ಮನೆಯಲ್ಲೇ ಇದೆಯಲ್ಲ ಎಂದು ಲವಂಗದ ಪುಡಿ, ನಿಂಬೆ ಸಿಪ್ಪೆ ಮೂಸಲು ಹೇಳಿದೆ. ಪುಡಿ ಮೂಗಿಗೇರಿ ಬರೀ ಸೀನು, ಸಿಪ್ಪೆ ಸಂಜೆಯೊಳಗೆ ಸಪ್ಪೆ. ಗ್ರಂಥಿಗೆ ಅಂಗಡಿಯ ಗುಲಾಬಿ ಅತ್ತರಿನಲ್ಲಿ ಬಹುಪಾಲು ವಾಸನೆಯಿಲ್ಲದ ದ್ರಾವಕ. ಅಸಲಿ ಗುಲಾಬಿ ಎಣ್ಣೆಯ ದರ ಕೇಳಿ ವಾಪಸ್ ಬಂದೆ. ಕೊನೆಗೆ ಕೈಹಿಡಿದದ್ದು ಊದುಬತ್ತಿಯವರು ಗುಲಾಬಿ ವಾಸನೆಗೆ ಬಳಸುವ ಫಿನೈಲ್ ಈಥೈಲ್ ಆಲ್ಕೊಹಾಲ್. ಅರ್ಧ ಲೀಟರಿಗೆ ಎಂಟುನೂರರ ಆಸುಪಾಸು, ವರ್ಷಗಟ್ಟಲೆ ಬರುತ್ತದೆ. ಯಾರ ಹತ್ತಿರ ಕೊಳ್ಳುತ್ತೇನೆ, ಎಷ್ಟು ತೆಳು ಮಾಡುತ್ತೇನೆ ಅನ್ನೋದು ನನ್ನಲ್ಲೇ ಇರಲಿ.

ದುಡ್ಡು ಹೋದದ್ದು ಡಬ್ಬಿಗಳಲ್ಲಿ. ಅಗ್ಗಕ್ಕೆ ಸಿಕ್ಕವೆಂದು ಪ್ಲಾಸ್ಟಿಕ್ಕಿನಲ್ಲಿ ನಲವತ್ತು ಸೆಟ್ ಕಟ್ಟಿದೆ. ನಿಂಬೆ ಎಣ್ಣೆ ಪ್ಲಾಸ್ಟಿಕ್ಕನ್ನೇ ತಿಂದಿತು, ಮುಚ್ಚಳ ಬಿರುಕು ಬಿಟ್ಟಿತು, ಡ್ರಾಪರಿನ ರಬ್ಬರ್ ಉಬ್ಬಿ ಅಂಟಂಟಾಯಿತು. ಮೂರು ಸಾವಿರ ನೀರುಪಾಲು. ಈಗ 30 ಎಂಎಲ್‌ನ ಅಗಲ ಬಾಯಿಯ ಕಂದು ಗಾಜಿನ ಸೀಸೆ. ತಳದಲ್ಲಿ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ನಾಲ್ಕು ಮಡಿಕೆ, ಅದಕ್ಕೆ 1 ಎಂಎಲ್, ಅಂದರೆ ಹೆಚ್ಚುಕಮ್ಮಿ 20 ಹನಿ. ಬಟ್ಟೆ ತೊಯ್ದಿರಬೇಕು, ತಳದಲ್ಲಿ ಎಣ್ಣೆ ನಿಲ್ಲಬಾರದು. ನಿಂತರೆ ಸೀಸೆ ಓರೆಯಾದಾಗ ಮೂಗಿಗೆ ತಾಗಿ ಚರ್ಮ ಸುಡುತ್ತದೆ. ನಮ್ಮ ಬೇಸಿಗೆಗೆ ನಿಂಬೆ ತಿಂಗಳೊಳಗೆ ಟರ್ಪೆಂಟೈನ್ ವಾಸನೆಗೆ ತಿರುಗುತ್ತದೆ, ಅದನ್ನು ತಿಂಗಳಿಗೊಮ್ಮೆ ಬದಲಿಸಿ. ಉಳಿದವು ಎರಡು ತಿಂಗಳು ತಡೆಯುತ್ತವೆ. ಸೆಟ್ಟಿಗೆ ನೂರೈವತ್ತು ರೂಪಾಯಿ ಬೀಳುತ್ತದೆ.

ಮೂಸುವಾಗ ಜೋರಾಗಿ ಎಳೆಯಬಾರದು. ಹಸುಗೂಸಿನ ನೆತ್ತಿ ಮೂಸಿದ ಹಾಗೆ ಸಣ್ಣಸಣ್ಣ ಉಸಿರು, ಸೀಸೆಗೆ 20 ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು.

ಎಲ್ಲರೂ ಮೋಸ ಹೋಗುವ ಜಾಗ ಒಂದಿದೆ. ಮೊದಲ ದಿನವೇ "ನೀಲಗಿರಿ ಗೊತ್ತಾಗ್ತೈತಿ ಸಾರ್" ಅನ್ನುತ್ತಾರೆ. ಅದು ವಾಸನೆಯಲ್ಲ, ಮುಖದ ಸ್ಪರ್ಶ ತಿಳಿಸುವ ಟ್ರೈಜೆಮಿನಲ್ ನರಕ್ಕೆ ತಾಗುವ ತಂಪು, ಉರಿ. ಗುಲಾಬಿ ಆ ನರಕ್ಕೆ ಅಷ್ಟಾಗಿ ತಾಗುವುದಿಲ್ಲ, ಹಾಗಾಗಿ ಪರೀಕ್ಷೆಗೆ ಗುಲಾಬಿ ಮಾತ್ರ. ಕಣ್ಣು ಮುಚ್ಚಿಸಿ ಮೂರು ಸೀಸೆ ಹಿಡಿಯುತ್ತೇನೆ, ಎರಡು ಖಾಲಿ. ಹತ್ತು ಸುತ್ತಿನಲ್ಲಿ ಮೂರ್ನಾಲ್ಕು ಅದೃಷ್ಟಕ್ಕೇ ಸರಿಯಾಗುತ್ತವೆ. ಏಳು ದಾಟಿದರೆ ನಂಬುತ್ತೇನೆ.

ಬಿಟ್ಟು ಓಡುವವರು ಓಡುವುದು ವಾಸನೆ ಬಾರದ್ದಕ್ಕಲ್ಲ, ತಿರುಚಿ ಬಂದದ್ದಕ್ಕೆ. "ಬೆಣ್ಣೆ ದೋಸೆ ಸುಟ್ಟ ರಬ್ಬರ್ ವಾಸ್ನಿ ಹೊಡಿತೈತ್ರಿ, ನಿಮ್ ಸೀಸೆಯಿಂದ್ಲೇ ಕೆಟ್ಟೋತು" ಎಂದು ಜಗಳಕ್ಕೇ ಬರುತ್ತಾರೆ. ಹೊಸ ನರ ಚಿಗುರುವಾಗ ಹೀಗಾಗುವುದುಂಟು ಎಂದು ಮೊದಲ ದಿನವೇ ಹೇಳಿಟ್ಟರೆ ಅರ್ಧ ಜನ ಉಳಿಯುತ್ತಾರೆ. ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಹುರಿದದ್ದು, ಕರಿದದ್ದು ಬಿಡಿಸಿ. ತಣ್ಣಗಿನ ಮೊಸರನ್ನ, ಒಗ್ಗರಣೆಯಿಲ್ಲದ ಕೋಸಂಬರಿ ಸಾಮಾನ್ಯವಾಗಿ ಒಳಗಿಳಿಯುತ್ತವೆ.

ಊರಿನ ವಾಸನೆ ಇರಲಿ ಎಂದು ಚಳ್ಳಕೆರೆ ಕಡೆಯ ಗಾಣದ ಶೇಂಗಾ ಎಣ್ಣೆಯನ್ನು ಐದನೇ ಸೀಸೆಗೆ ಹಾಕಿ ನೋಡಿದೆ. ರಿಫೈನ್ಡ್ ಎಣ್ಣೆಯ ವಾಸನೆಯನ್ನು ಕಾರ್ಖಾನೆಯಲ್ಲೇ ತೆಗೆದಿರುತ್ತಾರೆ, ಅದು ಪ್ರಯೋಜನವಿಲ್ಲ. ಗಾಣದ್ದು ಹದಿನೈದು ದಿನಕ್ಕೆ ಕಮಟಿತು. ಹುರಿದ ಶೇಂಗಾ ಮೂಸಿಸಿದರೆ ಪರೋಸ್ಮಿಯಾದವರಿಗೆ, ಅಂದರೆ ವಾಸನೆ ತಿರುಚಿ ಬರುವವರಿಗೆ, ವಾಂತಿಯೇ. ಕೈಬಿಟ್ಟೆ. 12 ವಾರ ಮುಗಿದ ಮೇಲೆ ಏಲಕ್ಕಿ, ಸೋಂಪು, ಕಿತ್ತಳೆ, ಮಜ್ಜಿಗೆ ಹುಲ್ಲು ಕೊಡುವುದು ಮಾತ್ರ ಚೆನ್ನಾಗಿ ನಡೆದಿದೆ. ರೋಗಿಗೂ ಬೇಜಾರು ಕಳೆಯುತ್ತದೆ.

ಊತ ಇಳಿಸುವ ಸ್ಟಿರಾಯ್ಡ್ ಔಷಧ ಬುಡೆಸೊನೈಡ್ ಕೊಡುವುದಾದರೆ ಸ್ಪ್ರೇ ಬೇಡ, ಅದು ಮೂಗಿನೊಳಗೆ ವಾಸನೆ ಹಿಡಿಯುವ ಮೇಲಿನ ಸಂದಿಗೆ ಏರುವುದು ಕಷ್ಟ. 0.5 ಎಂಜಿಯ ರೆಸ್ಪ್ಯೂಲನ್ನು (ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ಬರುವ ದ್ರವ ಔಷಧ) 240 ಎಂಎಲ್ ಉಪ್ಪುನೀರಿಗೆ ಬೆರೆಸಿ ಮೂಗು ತೊಳೆಸುತ್ತೇನೆ, ಕುದಿಸಿ ಆರಿಸಿದ ನೀರೇ ಆಗಬೇಕು. ಮೂಗಿಗೆ ಸತುವಿನ ಜೆಲ್ ಹಾಕಬೇಡಿ. ಇದ್ದ ವಾಸನೆಯನ್ನೂ ಕಳೆಯುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿದೆ.

ನನ್ನ ರೋಗಿಗಳಲ್ಲಿ ಕೆಲವರಿಗೆ ಸೀಸೆಯಿಲ್ಲದೆಯೂ ವಾಸನೆ ಬರುತ್ತಿತ್ತು, ಒಪ್ಪುತ್ತೇನೆ. ಆದರೆ ವಾಸನೆ ಹೋಗಿ ವರ್ಷ ಕಳೆದ ಮೇಲೆ ನನ್ನಲ್ಲಿಗೆ ಬಂದವರೂ ಗುಲಾಬಿ ಪರೀಕ್ಷೆಯ ಹತ್ತು ಸುತ್ತಿನಲ್ಲಿ ಎರಡರಿಂದ ಎಂಟಕ್ಕೆ ಏರಿದ್ದಾರೆ. ವಾಸನೆ ಮರಳುವವರೆಗೆ ಅಡುಗೆಮನೆಯ ನೆಲದ ಹತ್ತಿರ ಗ್ಯಾಸ್ ಅಲಾರಂ ಹಾಕಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ಅಟ್ಟದ ಮೇಲಿಟ್ಟರೆ ಅದು ಕೂಗುವುದು ತಡವಾಗುತ್ತದೆ.