ಲೋಗೋ ಕಳಿಸುವ ಮುಂಚೆ ಸ್ಕೇಲ್ ಹಿಡಿಯಿರಿ

ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನನ್ನದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ. ಟೀ ಶರ್ಟ್ ಪ್ರಿಂಟಿಂಗೂ ಮಾಡುತ್ತೇನೆ. ಲೋಗೋ ತಂದವರನ್ನು ಮೊದಲು ಕೇಳುವುದು ಇದನ್ನೇ: ಬಟ್ಟೆಯ ಮೇಲೆ ಎಷ್ಟು ಇಂಚು ಬರಬೇಕು? ಮನೆಯಲ್ಲೇ ಅಂಗಿ ಹಾಸಿ ಅಳೆದುಕೊಂಡು ಬನ್ನಿ. ಎದೆಯ ಎಡಕ್ಕೆ 3ರಿಂದ 3.5 ಇಂಚು ಅಗಲ ಸಾಕು. ಅದೇ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆದು, ಎದೆಗೆ ಹಿಡಿದು ಕನ್ನಡಿ ನೋಡಿ. ಕಾಗದದಲ್ಲೇ ಓದಲು ಆಗದ ಅಕ್ಷರ ದಾರದಲ್ಲಿ ಖಂಡಿತ ಮೂಡುವುದಿಲ್ಲ.

ಕನ್ನಡ ಅಕ್ಷರಕ್ಕೆ ಜಾಸ್ತಿ ಜಾಗ ಬೇಕು. ಇಂಗ್ಲಿಷ್ ಅಕ್ಷರ 5 ಮಿ.ಮೀ. ಎತ್ತರಕ್ಕೂ ನಡೆಯುತ್ತದೆ. ನಮ್ಮದಕ್ಕೆ ತಲೆಕಟ್ಟು, ಕೊಂಬು, ಒತ್ತು ಎಲ್ಲ ಇದೆಯಲ್ವಾ? ನಾನು 8 ಮಿ.ಮೀ.ಗಿಂತ ಕೆಳಗೆ ಇಳಿಯುವುದಿಲ್ಲ. ಚಿಕ್ಕದಾದರೆ ‘ಪ’ದ ಹೊಟ್ಟೆ ದಾರದಿಂದ ಮುಚ್ಚಿಹೋಗುತ್ತದೆ. ಜಾಗ ಸಾಲದಿದ್ದರೆ ವಿಳಾಸ, ಫೋನ್ ನಂಬರ್ ತೆಗೆದುಬಿಡಿ.

ಫಾಂಟ್ ವಿಷಯದಲ್ಲಿ ನನಗೊಂದು ಪೆಟ್ಟು ಬಿದ್ದಿದೆ. ಹಳ್ಳಿಯ ಹುಡುಗರು ಗಣೇಶ ಹಬ್ಬಕ್ಕೆ 40 ಟೀ ಶರ್ಟ್ ಹೇಳಿದ್ದರು. ಅವರ ಕೋರಲ್‌ಡ್ರಾ ಫೈಲಿನ ಕನ್ನಡ ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ‘ಮಿತ್ರ’ದ ಒತ್ತು ಮಾಯವಾಗಿ ‘ಮಿತ’ ಆಯಿತು. ನಾನೂ ಗಮನಿಸಲಿಲ್ಲ. ಮೆರವಣಿಗೆಯ ದಿನ ಅವರ ಮುಖ ನೋಡಿ ಬಹಳ ನೋವಾಯಿತು. ಹೊಸ ಟೀ ಶರ್ಟ್ ತಂದು ಮತ್ತೆ ಹಾಕಿಕೊಟ್ಟೆ. ಅದಕ್ಕೇ ಹೇಳುತ್ತೇನೆ, ಫೈಲ್ ಕೊಡುವ ಮುಂಚೆ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟ್ ಬೇಡದ ಹಾಗೆ ಬರೀ ಗೆರೆಯ ಆಕಾರಕ್ಕೆ ಬದಲಿಸಿ. ಜೊತೆಗೊಂದು ಪಿಡಿಎಫ್ ಇಡಿ, ಹೋಲಿಸಿ ನೋಡಲು.

ಪ್ರಿಂಟಿಗೆ ಫೋಟೋ ಫೈಲ್ ಆದರೆ ಬೇಕಾದ ಅಳತೆಯಲ್ಲೇ 300 ಡಿಪಿಐ ಇರಲಿ. ಅಂದರೆ 10 ಇಂಚು ಅಗಲಕ್ಕೆ 3000 ಪಿಕ್ಸೆಲ್. ಚಿಕ್ಕ ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಅಂಚು ಮಸುಕಾಗುತ್ತದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ. ಡಿಟಿಎಫ್‌ಗೆ, ಅಂದರೆ ಫಿಲ್ಮ್ ಮೇಲೆ ಪ್ರಿಂಟ್ ತೆಗೆದು ಬಿಸಿಯಿಂದ ಬಟ್ಟೆಗೆ ಅಂಟಿಸುವುದಕ್ಕೆ, ಹಿನ್ನೆಲೆ ಇಲ್ಲದ ಪಿಎನ್‌ಜಿ ಕೊಡಿ. ಬಿಳಿ ಚೌಕ ಹಾಗೇ ಉಳಿದಿದ್ದರೆ ಕಪ್ಪು ಅಂಗಿಯ ಮೇಲೂ ಬಿಳಿ ಚೌಕವೇ ಬರುತ್ತದೆ. ಸ್ಕ್ರೀನ್ ಪ್ರಿಂಟಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಸ್ಕ್ರೀನ್. ಬಣ್ಣ ಕಡಿಮೆ ಮಾಡಿದಷ್ಟೂ ನಿಮ್ಮ ದುಡ್ಡು ಉಳಿಯುತ್ತದೆ.

ಎಂಬ್ರಾಯ್ಡರಿಗೆ ಮಾತ್ರ ಯಾವ ಚಿತ್ರವೂ ನೇರ ಮಷಿನ್‌ಗೆ ಹೋಗುವುದಿಲ್ಲ. ಅದನ್ನು ಪಂಚಿಂಗ್ ಮಾಡಬೇಕು, ಅಂದರೆ ಸೂಜಿ ಎಲ್ಲಿ ಇಳಿದು ಯಾವ ಕಡೆ ಹೋಗಬೇಕು ಅಂತ ಬರೆಯಬೇಕು. ಹಾಗೆ ಬರೆದ ಫೈಲಿನ ಬಗೆ ನಮ್ಮಲ್ಲಿ ಡಿಎಸ್‌ಟಿ. ಅದರಲ್ಲಿ ದಾರದ ಬಣ್ಣದ ಹೆಸರು ಉಳಿಯುವುದಿಲ್ಲ, ಬಣ್ಣಗಳನ್ನು ಬೇರೆ ಚೀಟಿಯಲ್ಲಿ ಬರೆದುಕೊಡಿ. ನೆರಳಿನ ಹಾಗೆ ನಿಧಾನ ತೆಳುವಾಗುವ ಬಣ್ಣ ಬೇಡ, ಒಂದೇ ಗಟ್ಟಿ ಬಣ್ಣ ಇರಲಿ. ಇನ್ನು ಬಟ್ಟೆ ಯಾವುದು ಅಂತ ಮರೆಯದೆ ಹೇಳಿ. ಟೀ ಶರ್ಟ್ ಬಟ್ಟೆ ಎಳೆದುಕೊಳ್ಳುತ್ತದೆ. ಅದಕ್ಕೆ ತಕ್ಕಂತೆ ಹೊಲಿಗೆಯನ್ನು ಸ್ವಲ್ಪ ಅಗಲ ಮಾಡಿ, ಕೆಳಗೆ ಗಟ್ಟಿ ಪೇಪರ್ ಕೊಡಬೇಕಾಗುತ್ತದೆ.

ಇತ್ತೀಚೆಗೆ ಅನೇಕರು ಅಜ್ಜಿಯ ಇಳಕಲ್ ಸೀರೆಯ ಕಸೂತಿ ಗೋಪುರದ ಫೋಟೋ ತರುತ್ತಾರೆ. ನನಗೆ ತುಂಬ ಖುಷಿ ಕೊಡುವ ಕೆಲಸ ಅದು. ಆದರೆ ಫೋಟೋ ಸಾಲದು. ಕಸೂತಿ ಎಳೆ ಎಣಿಸಿ ಹಾಕುವ ಹೊಲಿಗೆ. ಅದರಲ್ಲಿ ಗವಂತಿ ಅನ್ನುವ ಹೊಲಿಗೆಯ ಗೆರೆ ಒಮ್ಮೆ ಹೋಗಿ, ಬಿಟ್ಟ ಜಾಗ ತುಂಬುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಸೀರೆಯನ್ನೇ ಮುಂದಿಟ್ಟುಕೊಂಡು, ಒಂದು ಹೊಲಿಗೆಗೆ ಒಂದು ಚೌಕದಂತೆ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿ ತನ್ನಿ. ಎಣಿಸುವಾಗ ಅಜ್ಜಿಯನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ.