ಎಸ್.ಪಿ. ರೋಡಿಗೆ ಹೋಗುವಾಗ ಜೇಬಲ್ಲಿ ಪೆನ್‌ಡ್ರೈವ್ ಇರಲಿ
ಕಣ್ಣು ಕಾಣದ ನಮ್ಮ ವಿದ್ಯಾರ್ಥಿಗಳು ಹೊಸ ಲ್ಯಾಪ್‌ಟಾಪಿಗೆಂದು ದಯವಿಟ್ಟು ಸಾಲ ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ ಧಾರಾಳ ಸಾಕು. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ವೇಗದ ಡಿಸ್ಕ್) ಇರಲಿ, ಇಲ್ಲದಿದ್ದರೆ ಪರದೆಯಲ್ಲಿರೋದನ್ನು ಓದಿ ಹೇಳುವ ಸಾಫ್ಟ್‌ವೇರಿನ ಮಾತು ತಡೆದು ತಡೆದು ಬರುತ್ತೆ. ಪರದೆಯಲ್ಲಿ ಗೆರೆ ಬಿದ್ದಿದ್ದರೆ ಬೆಲೆ ಇಳಿಸಿ ಕೇಳಿ, ಪೂರ್ತಿ ಕಾಣದವರಿಗೆ ಅದರಿಂದ ತೊಂದರೆಯಿಲ್ಲ.

ಹಾಗೆ ಓದಿ ಹೇಳುವ ಎನ್‌ವಿಡಿಎ ಅನ್ನೋ ಸಾಫ್ಟ್‌ವೇರ್ ಉಚಿತ. ಅದರ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಅಂಗಡಿಯಲ್ಲೇ ಓಡಿಸಿ. ಇನ್‌ಸ್ಟಾಲ್ ಬೇಕಿಲ್ಲ, ಕನ್ನಡವನ್ನೂ ಓದುತ್ತೆ. ಒಂದೊಂದೇ ಕೀ ಒತ್ತಿ ಕೇಳಿ. ಎಫ್, ಜೆ ಮೇಲಿನ ಸಣ್ಣ ಉಬ್ಬು ಸವೆದಿದೆಯಾ ಅಂತ ಬೆರಳಿಟ್ಟು ನೋಡಿ. ಇಯರ್‌ಫೋನನ್ನಂತೂ ಚುಚ್ಚಿಯೇ ನೋಡಬೇಕು. ನಾನು ನೋಡದೆ ತಂದು, ಇಡೀ ಸೆಮಿಸ್ಟರ್ ಒಂದೇ ಕಿವಿಯಲ್ಲಿ ಪಾಠ ಕೇಳಿದೆ. ವಾರಂಟಿ ಎಷ್ಟು ದಿನ ಅನ್ನೋದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.